ಮುಂಜಾನೆ ಬಾಗಿಲಿಗೆ ಬಂದ ಹಬೀಬಾ

ಫಜ್ರ್ ನಮಾಝ್‌ಗೆಂದು ಪ್ರವಾದಿ(ಸ) ಹೊರಬಂದಾಗ ಇನ್ನೂ ಕತ್ತಲೆಯಿತ್ತು. ಬಾಗಿಲ ಬಳಿ ಒಬ್ಬ ಮಹಿಳೆ ನಿಂತಿದ್ದರು. ಯಾರೆಂದು ವಿಚಾರಿಸಿದರೆ ಸಹ್ಲ್‌ರ ಮಗಳು ಹಬೀಬಾ(ರ). ತನಗೂ ಪತಿ ಸಾಬಿತ್ ಬಿನ್ ಕೈಸ್(ರ)ರಿಗೂ ಇನ್ನು ಕೂಡಿ ಬಾಳಲಾಗದು ಎಂದರು. ಪತಿಯ ಹೊಡೆತಕ್ಕೆ ಅವರ ದೇಹದ ಒಂದು ಭಾಗ ಮುರಿದಿತ್ತೆಂದು ಅಬೂದಾವೂದ್‌ನ ವರದಿಯಲ್ಲಿದೆ. ಸಾಬಿತ್ ಸಾಮಾನ್ಯರಲ್ಲ, ಅನ್ಸಾರ್‌ಗಳ ಪ್ರಸಿದ್ಧ ವಾಗ್ಮಿ. ಆದರೂ ಪ್ರವಾದಿ(ಸ) ಹಬೀಬಾರಿಗೆ ಸಬ್ರ್‌ನ ಉಪದೇಶ ಮಾಡಿ ಮನೆಗೆ ಕಳುಹಿಸಲಿಲ್ಲ. ಸಾಬಿತ್‌ರನ್ನು ಕರೆಸಿ, ಮಹರ್ ಆಗಿ ಕೊಟ್ಟಿದ್ದ ಎರಡು ತೋಟಗಳನ್ನು ಮರಳಿ ಪಡೆದು ಬೇರೆಯಾಗುವಂತೆ ಹೇಳಿದರು.

ಖುಲಾದ ವಿಧಿ ವಿವರಿಸುವಾಗ ನಾವು ತೋಟದ ವಿಷಯ ಹೇಳುತ್ತೇವೆ, ಹೊಡೆತದ ವಿಷಯ ಬಿಟ್ಟುಬಿಡುತ್ತೇವೆ.

ಇನ್ನೊಂದು ಘಟನೆ ಮುಸ್ಲಿಮ್‌ನಲ್ಲಿದೆ. ಫಾತಿಮಾ ಬಿಂತ್ ಕೈಸ್(ರ)ರಿಗೆ ಇಬ್ಬರಿಂದ ಪ್ರಸ್ತಾಪ ಬಂದಾಗ ಅವರು ಪ್ರವಾದಿ(ಸ)ರ ಸಲಹೆ ಕೇಳಿದರು. ಮುಆವಿಯಾ ಬಡವರು, ಅಬೂ ಜಹಮ್ ಹೆಗಲಿನಿಂದ ಕೋಲು ಇಳಿಸದವರು ಎಂದು ಪ್ರವಾದಿ(ಸ) ನೇರವಾಗಿ ತಿಳಿಸಿ, ಉಸಾಮಾರನ್ನು ವರಿಸಲು ಸೂಚಿಸಿದರು. ವಿವಾಹದ ವಿಚಾರಣೆಯಲ್ಲಿ ಇದ್ದದ್ದನ್ನು ಹೇಳುವುದು ಗೀಬತ್ ಆಗದು ಎನ್ನಲು ಉಲಮಾಗಳು ಈ ಹದೀಸನ್ನೇ ಆಧಾರ ಮಾಡಿಕೊಂಡಿದ್ದಾರೆ. ನಮ್ಮ ಜಮಾಅತ್‌ಗಳಲ್ಲಿ ಹುಡುಗನ ಬಗ್ಗೆ ಕೇಳಿದರೆ "ಒಳ್ಳೆಯ ಮನೆತನ" ಎಂಬ ಒಂದೇ ಉತ್ತರ ಸಿಗುತ್ತದೆ. ಅವನ ಕೈ ಎಂಥದ್ದೆಂದು ಬಲ್ಲ ನೆರೆಯವರೂ ಸುಮ್ಮನಿರುತ್ತಾರೆ.

ಮದೀನಾದಲ್ಲಿ ಒಂದು ಮುಂಜಾನೆ ತೆರೆದಿದ್ದ ಆ ಬಾಗಿಲು ಶತಮಾನಗಳ ನಂತರ ನಮ್ಮ ದೇಶದಲ್ಲಿ ಬಹುತೇಕ ಮುಚ್ಚಿಹೋಗಿತ್ತು. ಬ್ರಿಟಿಷ್ ಕಾಲದ ನ್ಯಾಯಾಲಯಗಳು ಅನುಸರಿಸುತ್ತಿದ್ದ ಹನಫಿ ನಿಯಮಗಳಲ್ಲಿ, ಹಿಂಸಿಸುವ ಅಥವಾ ಬಿಟ್ಟುಹೋದ ಗಂಡನಿಂದ ಬಿಡುಗಡೆ ಕೋರಲು ಹೆಣ್ಣಿಗೆ ದಾರಿಯೇ ಇರಲಿಲ್ಲ. ಖುಲಾಕ್ಕೂ ಗಂಡ ಒಪ್ಪಬೇಕಿತ್ತು. ಪಂಜಾಬ್‌ನಲ್ಲಿ ಕೆಲವು ಮಹಿಳೆಯರು ಹಿಡಿದ ದಾರಿ ಎದೆ ನಡುಗಿಸುವಂಥದ್ದು: ಅವರು ಇಸ್ಲಾಮನ್ನೇ ತೊರೆದರು. ಧರ್ಮ ಬಿಟ್ಟರೆ ನಿಕಾಹ್ ಮುರಿಯಿತೆಂದು ನ್ಯಾಯಾಲಯಗಳು ತೀರ್ಪು ಕೊಡುತ್ತಿದ್ದವು. ಅವರ ಈಮಾನ್ ದುರ್ಬಲವಾಗಿತ್ತೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಮೌಲಾನಾ ಅಶ್ರಫ್ ಅಲಿ ಥಾನವಿ ಹಾಗೆ ಮಾಡಲಿಲ್ಲ. ಸ್ವತಃ ಹನಫಿ ವಿದ್ವಾಂಸರಾಗಿದ್ದ ಅವರು ಮದೀನಾದ ಮಾಲಿಕಿ ಮುಫ್ತಿಗಳಿಂದ ಫತ್ವಾ ತರಿಸಿಕೊಂಡರು. 1930ರ ದಶಕದ ಆರಂಭದಲ್ಲಿ 'ಅಲ್ ಹೀಲತುನ್ನಾಜಿಝಾ' ಎಂಬ ಕೃತಿ ಬರೆದು, ಇಂಥ ಸಂಕಟದಲ್ಲಿ ಮಾಲಿಕಿ ಮದ್‌ಹಬ್‌ನಂತೆ ವಿವಾಹ ವಿಸರ್ಜನೆ ಮಾಡಬಹುದೆಂದು ವಾದಿಸಿದರು.

ಅದರ ಬೆನ್ನಿಗೇ ಜಮೀಅತ್ ಉಲಮಾದ ಬೆಂಬಲದೊಂದಿಗೆ ಮುಹಮ್ಮದ್ ಅಹ್ಮದ್ ಕಾಝ್ಮಿ ಕೇಂದ್ರ ಶಾಸನ ಸಭೆಯಲ್ಲಿ ಮಸೂದೆ ಮಂಡಿಸಿದರು. 1939ರ ಮಾರ್ಚ್‌ನಲ್ಲಿ ಅದು ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಾಯಿತು. ಇಂಥ ಪ್ರಕರಣಗಳನ್ನು ಮುಸ್ಲಿಮ್ ನ್ಯಾಯಾಧೀಶರೇ ನಿರ್ಣಯಿಸಬೇಕೆಂಬ ಉಲಮಾಗಳ ಬೇಡಿಕೆ ಮಾತ್ರ ಈಡೇರಲಿಲ್ಲ. ಅಂದು ಮದರಾಸು ಪ್ರಾಂತದಲ್ಲಿದ್ದ ನಮ್ಮ ದಕ್ಷಿಣ ಕನ್ನಡಕ್ಕೂ ಈ ಕಾನೂನು ಅನ್ವಯಿಸಿತು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿರುವುದು, ಎರಡು ವರ್ಷ ಜೀವನಾಂಶ ಕೊಡದಿರುವುದು ಮುಂತಾದ ಕಾರಣಗಳ ಜೊತೆ ಅದರ ಎರಡನೇ ಕಲಮಿನಲ್ಲಿ ಕ್ರೌರ್ಯವೂ ಇದೆ. ಪದೇ ಪದೇ ಹೊಡೆಯುವುದಷ್ಟೇ ಅಲ್ಲ, ಕೈ ಎತ್ತದೆಯೂ ನಡವಳಿಕೆಯಿಂದ ಹೆಂಡತಿಯ ಬದುಕನ್ನು ದುರ್ಭರ ಮಾಡುವುದು, ಅವಳ ಆಸ್ತಿಯನ್ನು ಮಾರಿಬಿಡುವುದು, ಅವಳ ಧರ್ಮಾಚರಣೆಗೆ ಅಡ್ಡಿಪಡಿಸುವುದು ಕೂಡ ಕ್ರೌರ್ಯವೇ ಎಂದು ಕಾಯ್ದೆ ಹೇಳುತ್ತದೆ.

ಕಾನೂನು ಬಂದು ಎಂಟು ದಶಕಗಳಾದ ಮೇಲೆ, 2019-20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇ. 29. ಇದು ಎಲ್ಲ ಸಮುದಾಯಗಳ ಲೆಕ್ಕ. ನಮ್ಮ ಮನೆಗಳು ಅದರ ಹೊರಗಿಲ್ಲ. ತಂದೆ ತಾಯಿಯನ್ನು ಹೊಡೆಯುವುದನ್ನು ಕಂಡು ಬೆಳೆದ ಹೆಣ್ಣುಮಕ್ಕಳು ಮುಂದೆ ತಮ್ಮ ಗಂಡನಿಂದಲೂ ಹೊಡೆತ ತಿನ್ನುವುದು ಹೆಚ್ಚೆಂದು ಇದೇ ಸಮೀಕ್ಷೆಗಳು ತೋರಿಸಿವೆ. ಅಂಥ ಮಗು ಮದ್ರಸದಲ್ಲಿ ಸಬಖ್ ಮರೆತರೆ ನಾವು ಬೆತ್ತ ಹುಡುಕುತ್ತೇವೆ, ರಾತ್ರಿ ಅದು ನಿದ್ದೆ ಮಾಡಿತೇ ಎಂದು ಕೇಳುವುದಿಲ್ಲ. ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದ ಅನಸ್(ರ)ರು ಒಮ್ಮೆಯೂ ಅವರ ಬಾಯಿಂದ 'ಛೆ' ಎಂಬ ಮಾತು ಕೇಳಿರಲಿಲ್ಲ.

ವಿಚ್ಛೇದನವೇ ಬೇಡ, ಹೊಡೆತ ನಿಂತರೆ ಸಾಕೆನ್ನುವ ಸಹೋದರಿಯರೇ ಹೆಚ್ಚು. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ನಿಕಾಹ್ ಮುರಿಯದೆಯೇ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಪಡೆಯಬಹುದು, ಮಕ್ಕಳೊಂದಿಗೆ ಅದೇ ಮನೆಯಲ್ಲಿ ಉಳಿಯುವ ಹಕ್ಕು ಕೇಳಬಹುದು. ಅರ್ಜಿಯನ್ನು ಸಂರಕ್ಷಣಾಧಿಕಾರಿಯ ಮೂಲಕವೂ ಸಲ್ಲಿಸಬಹುದು. ಅವಳ ಪರವಾಗಿ ಜಮಾಅತ್‌ನ ಯಾರಾದರೂ ಅವರಿಗೆ ಮಾಹಿತಿ ಕೊಡಲು ಕಾನೂನಿನ ಅಡ್ಡಿಯಿಲ್ಲ.