ಹಿಮ್ಮೇಳದ ಹೊಣೆ: ಜಮಖಂಡಿ–ಮುಧೋಳ ಸೀಮೆಯ ಸಮೂಹ ಗಾಯನವೂ ವಿಶ್ವವಿದ್ಯಾಲಯದ ವೇದಿಕೆಯೂ

ಜಗತ್ತಿನ ಹೆಸರಾಂತ ವಿಶ್ವವಿದ್ಯಾಲಯ ಗಾಯಕವೃಂದಗಳಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಮ್ಯಾಡ್ರಿಗಲ್ ಸಿಂಗರ್ಸ್ ಒಂದು. ಆಂದ್ರೆಯಾ ವೆನೆರಾಸಿಯಾನ್ 1963ರಲ್ಲಿ ಕಟ್ಟಿದ ಈ ವೃಂದ ಯುರೋಪಿನ ಸಮೂಹ ಗಾಯನದ ಗ್ರ್ಯಾಂಡ್ ಪ್ರಿ ಪ್ರಶಸ್ತಿಯನ್ನು 1997 ಮತ್ತು 2007ರಲ್ಲಿ, ಎರಡು ಸಲ ಗೆದ್ದಿತು. ಬಹುಮಾನಕ್ಕಿಂತ ಅವರು ಕೂಡುವ ರೀತಿ ಈ ಲೇಖನಕ್ಕೆ ಮುಖ್ಯ. ಅವರು ನಿಂತು ಹಾಡುವುದಿಲ್ಲ, ಅರ್ಧಚಂದ್ರಾಕಾರದಲ್ಲಿ ಕುಳಿತು ಹಾಡುತ್ತಾರೆ. ಎದುರಿಗೆ ಕೈಯಾಡಿಸುವ ನಿರ್ದೇಶಕರೂ ಇರುವುದಿಲ್ಲ. ಸಾಲಿನ ತುದಿಯಲ್ಲಿ ಕುಳಿತ ಮುಖ್ಯಸ್ಥರ ಸಣ್ಣದೊಂದು ಸನ್ನೆ, ಪಕ್ಕದವರ ಉಸಿರು, ಇಷ್ಟರ ಮೇಲೆಯೇ ಹಾಡು ಎತ್ತಿಕೊಳ್ಳುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಜಾತ್ರೆಗಳಲ್ಲಿ ರಾತ್ರಿ ಭಜನೆ ಕೇಳಿದವರಿಗೆ ಈ ಕೂಡುವಿಕೆ ಹೊಸದೇನೂ ಅಲ್ಲ. ಪೇಟಿ, ತಬಲಾ, ತಾಳ, ಏಕತಾರಿ ಹಿಡಿದವರ ಸುತ್ತ ಮೇಳ ಕೂಡುತ್ತದೆ, ಮುಂದಾಳು ಒಂದು ಬದಿಗೆ ಇರುತ್ತಾನೆ, ಹಾಡು ಕಣ್ಸನ್ನೆಯಲ್ಲಿ ನಡೆಯುತ್ತದೆ. ಹಾಗೆಂದು ಎರಡೂ ಒಂದೇ ಎನ್ನಲು ಬರುವುದಿಲ್ಲ. ಮ್ಯಾಡ್ರಿಗಲ್ ಗಾಯಕರು ನಾಲ್ಕಾರು ಬೇರೆ ಬೇರೆ ಸ್ವರಸಾಲುಗಳನ್ನು ಏಕಕಾಲಕ್ಕೆ ಹೆಣೆಯುತ್ತಾರೆ. ನಮ್ಮ ಮೇಳ ಒಂದೇ ಧಾಟಿಯನ್ನು ಹಾಡುತ್ತದೆ. ಇದನ್ನೇ ಹಿಡಿದು, ಉತ್ತರ ಕರ್ನಾಟಕದ ಗುಂಪು ಹಾಡಿಕೆಯಲ್ಲಿ ಸಮೂಹ ಗಾಯನದ ಶಾಸ್ತ್ರವೇ ಇಲ್ಲ, ಒಬ್ಬ ಹಾಡಿದ್ದನ್ನು ಉಳಿದವರು ಮತ್ತೆ ಹೇಳುತ್ತಾರೆ ಅಷ್ಟೆ ಎನ್ನುವ ಗ್ರಹಿಕೆ ಬೆಳೆದಿದೆ. ಆ ಗ್ರಹಿಕೆ ಸರಿಯಲ್ಲ ಎಂಬುದು ಈ ಲೇಖನದ ವಾದ. ಇಲ್ಲಿನ ಹಿಮ್ಮೇಳಕ್ಕೆ ತನ್ನದೇ ಕಟ್ಟುಪಾಡುಗಳಿವೆ. ಸ್ವರಗಳನ್ನು ಒಂದರ ಮೇಲೊಂದು ಪೇರಿಸುವುದಕ್ಕಿಂತ ಹಾಡಿನ ಹೊತ್ತನ್ನು ಹಂಚಿಕೊಳ್ಳುವ ಕಡೆಗೆ ಅದರ ಗಮನ.

ಭಜನೆಯ ಒಂದು ನುಡಿಯನ್ನು ಹತ್ತಿರದಿಂದ ನೋಡೋಣ. ಮುಂದಾಳು ಪಲ್ಲವಿಯನ್ನು ಒಂದು ಸಲ ಸಾವಕಾಶವಾಗಿ ಹೇಳುತ್ತಾನೆ, ಪೇಟಿಯವನು ಪಟ್ಟಿ ಹಿಡಿಯುತ್ತಾನೆ. ಎರಡನೆಯ ಸಲಕ್ಕೆ ಹಿಮ್ಮೇಳ ಕೂಡಿಕೊಳ್ಳುತ್ತದೆ. ನುಡಿ ಶುರುವಾದ ಮೇಲೆ ಮುಂದಾಳು ಕೊನೆಯ ಸಾಲನ್ನು ಪೂರ್ತಿ ಮುಗಿಸುವುದಿಲ್ಲ. ಅರ್ಧಕ್ಕೆ ಬಿಟ್ಟ ಆ ಸಾಲನ್ನು ಹಿಮ್ಮೇಳ ಎತ್ತಿಕೊಂಡು ಪಲ್ಲವಿಗೆ ತಂದು ಸೇರಿಸುತ್ತದೆ. ಅವನ ದನಿಯ ಬಾಲ, ಇವರ ದನಿಯ ತಲೆ, ಎರಡೂ ಒಂದು ಕ್ಷಣ ಒಂದರ ಮೇಲೊಂದು ಬೀಳುತ್ತವೆ. ನಡುವೆ ಸಂದು ಕಂಡರೆ ಮೇಳ ಕಚ್ಚಾ ಎಂದು ಕೇಳುವವರು ತೀರ್ಮಾನಿಸಿಬಿಡುತ್ತಾರೆ. ಹಿಮ್ಮೇಳ ಪಲ್ಲವಿಯನ್ನು ತಿರುಗಿಸುವ ಹೊತ್ತಿನಲ್ಲಿ ಮುಂದಾಳು ಉಸಿರು ತಿರುಗಿಸಿಕೊಳ್ಳುತ್ತಾನೆ, ಮುಂದಿನ ನುಡಿ ನೆನೆಯುತ್ತಾನೆ, ಕುಳಿತ ಮಂದಿಯ ಮುಖ ನೋಡುತ್ತಾನೆ. ಇನ್ನೂ ಬೇಕು ಎಂದು ಕಂಡರೆ ತಾಳ ಇಮ್ಮಡಿಯಾಗುತ್ತದೆ. ಆ ಏರುಲಯದಲ್ಲಿ ಹಿಮ್ಮೇಳವೇ ಹಾಡನ್ನು ಮುಂದಕ್ಕೆ ಒಯ್ಯುತ್ತದೆ, ಮುಂದಾಳು ಬೆನ್ನು ಹತ್ತುತ್ತಾನೆ. ಕೊನೆಗೆ ಎಲ್ಲರೂ ಒಂದೇ ಪೆಟ್ಟಿಗೆ ನಿಲ್ಲುತ್ತಾರೆ. ಇಷ್ಟನ್ನು ಬರೇ ಪುನರಾವರ್ತನೆ ಎಂದರೆ ಕಿವಿ ಕೊಟ್ಟು ಕೇಳಿಲ್ಲ ಎಂದೇ ಅರ್ಥ.

ಈ ಕೊಡು–ಕೊಳ್ಳುವಿಕೆ ಭಜನೆಯೊಂದರ ಸೊತ್ತಲ್ಲ. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳ ಹಂತಿ ತುಳಿಯುವಾಗ ಹಾಡುತ್ತಿದ್ದ ಹಂತಿಪದ ಇದೇ ಕ್ರಮದಲ್ಲಿ ನಡೆಯುತ್ತಿತ್ತು. ರಾಶಿ ಮಾಡುವ ಯಂತ್ರ ಬಂದ ಮೇಲೆ ಕಣವೂ ಹೋಯಿತು, ಪದಗಳೂ ಕಾಗದಕ್ಕೆ ಸೇರಿದವು. ಮೊಹರಮ್ಮಿನ ರಿವಾಯತ ಪದಗಳಲ್ಲಿ ಹಾಡುಗಾರರು ಸಾಲುಗಟ್ಟಿ, ಹೆಜ್ಜೆ ಹಾಕುತ್ತ, ಒಂದು ಕಡೆಯವರು ಹೇಳಿದ್ದನ್ನು ಇನ್ನೊಂದು ಕಡೆಯವರು ಎತ್ತಿಕೊಳ್ಳುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಈ ಸಾಲುಗಳಲ್ಲಿ ಹಿಂದೂಗಳೂ ಇರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ಮದುವೆಮನೆಯ ಸೋಬಾನೆಯಲ್ಲಿ ಹೆಂಗಸರು ಎರಡು ಪಾಲಾಗುತ್ತಾರೆ. ಗೀಗಿ ಪದದ ಹರದೇಶಿ–ನಾಗೇಶಿ ಪಂಥಗಳಲ್ಲಂತೂ ಎರಡು ಮೇಳಗಳೇ ಎದುರುಬದುರಾಗಿ ರಾತ್ರಿಯಿಡೀ ಸವಾಲ್–ಜವಾಬ್ ನಡೆಸುತ್ತವೆ. ಒಂದು ಗಂಡು ಹೆಚ್ಚೆಂದು ವಾದಿಸಿದರೆ ಇನ್ನೊಂದು ಹೆಣ್ಣು ಹೆಚ್ಚೆನ್ನುತ್ತದೆ. ಮರಾಠಿ ಲಾವಣಿಯ ತುರಾ–ಕಲಗಿ ಪಂಥಗಳ ಒಡಹುಟ್ಟು ಇದರಲ್ಲಿ ಸ್ಪಷ್ಟ. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ಆಳಿದ ಸಂಸ್ಥಾನಗಳಲ್ಲಿ ಮರಾಠಿ ಆಸ್ಥಾನಭಾಷೆಯಾಗಿ ಓಡಾಡಿದ್ದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನಿಲ್ಲ.

ಈ ಎಲ್ಲ ಧಾರೆಗಳು ರಂಗದ ಮೇಲೆ ಕೂಡಿದ್ದು ಶ್ರೀಕೃಷ್ಣ ಪಾರಿಜಾತದಲ್ಲಿ. ಅಪರಾಳ ತಮ್ಮಣ್ಣನ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಟವಾಗಿ ಬೆಳೆಸಿದ. ಕೌಜಲಗಿ ನಿಂಗಮ್ಮ ಅದರ ಹೆಸರನ್ನು ಊರೂರಿಗೆ ಮುಟ್ಟಿಸಿದಳು. ಘಟಪ್ರಭೆಯ ಬಯಲಗುಂಟ ಆಟ ಮುಧೋಳ ತಾಲೂಕಿಗೆ ಇಳಿಯಿತು, ಲೋಕಾಪುರದಂಥ ಊರುಗಳಲ್ಲಿ ನೆಲೆ ಕಂಡಿತು. ಕರಾವಳಿಯ ಯಕ್ಷಗಾನದಲ್ಲಿ ಹಾಡು ಭಾಗವತನದು, ಪಾತ್ರಧಾರಿಯದು ಕುಣಿತ, ಮಾತು. ಪಾರಿಜಾತದ ಸತ್ಯಭಾಮೆ ತಾನೇ ಹಾಡಬೇಕು. ಹಾಗಾಗಿ ಇಲ್ಲಿನ ಹಿಮ್ಮೇಳದ ಕೆಲಸ ಹೆಚ್ಚು ನಾಜೂಕಿನದು. ಹಿಂದುಸ್ತಾನಿ ರಾಗಗಳ ನೆರಳಿರುವ ಧಾಟಿಯನ್ನು ಪಾತ್ರ ಎಲ್ಲಿ ಬಿಡುತ್ತದೋ ಅಲ್ಲಿಂದಲೇ ಹಿಡಿಯಬೇಕು, ಪಾತ್ರದ ದನಿ ಮುಚ್ಚದಂತೆ ಮೇಲೆತ್ತಬೇಕು. ಹಿಮ್ಮೇಳದ ಮುಂದೆ ನಿಂತ ಭಾಗವತ ಕೃಷ್ಣನ ಗೆಳೆಯನಾಗುತ್ತಾನೆ, ಭಾಮೆಯನ್ನು ಕೆಣಕುತ್ತಾನೆ, ಜವಾರಿ ಮಾತಿನಲ್ಲಿ ನಗೆ ಎಬ್ಬಿಸಿ ಮರುಗಳಿಗೆಯಲ್ಲಿ ಪದಕ್ಕೆ ತಿರುಗುತ್ತಾನೆ. ನನ್ನ ಅಭಿಪ್ರಾಯದಲ್ಲಿ ಈ ಸೀಮೆಯ ಸಮೂಹ ಗಾಯನದ ಅತ್ಯಂತ ಪಳಗಿದ ರೂಪ ಇದು. ಪಾರಿಜಾತವನ್ನು ನಾಟಕವೆಂದು ಓದಿದ ವಿದ್ವಾಂಸರು ಅನೇಕರು. ಅದರ ಹಿಮ್ಮೇಳವನ್ನು ಸಂಗೀತವೆಂದು ಆಲಿಸಿದವರು ಕಡಿಮೆ.

ಇನ್ನು ಕಾಲೇಜಿನ ಮಾತು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದಲ್ಲಿ ಸಮೂಹ ಗಾಯನಕ್ಕೆ ರೂಢಿಯಲ್ಲಿರುವ ನಿಯಮ ಹೀಗಿದೆ: ಹಾಡುವವರು 6 ಜನ, ವಾದ್ಯದವರು 3, ಹೊತ್ತು 10 ನಿಮಿಷ, ಅಷ್ಟರಲ್ಲಿ ಒಂದು ದೇಶಭಕ್ತಿಗೀತೆ, ಒಂದು ಜಾನಪದ ಗೀತೆ. ಸಿನಿಮಾ ಹಾಡಿಗೆ ಅವಕಾಶವಿಲ್ಲ, ಒಳ್ಳೆಯದೇ. ಆದರೆ ಜಾನಪದಕ್ಕೆ ಸಿಗುವ ನಾಲ್ಕೈದು ನಿಮಿಷದಲ್ಲಿ ಮೇಲೆ ವಿವರಿಸಿದ ಹಂಚಿಕೆ ಹುಟ್ಟುವುದೇ ಇಲ್ಲ. ಆರೂ ಜನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಟ್ಟಿಗೆ ಹಾಡುತ್ತಾರೆ, ಏರುಲಯ ಗಡಿಯಾರ ನೋಡಿ ಬರುತ್ತದೆ, ತೀರ್ಪುಗಾರರಿಗಾಗಿ ನಡುವೆ ಒಂದೆರಡು ಕಡೆ ಪಾಶ್ಚಾತ್ಯ ಸ್ವರಮೇಳದ ತೇಪೆ ಬೀಳುತ್ತದೆ. ಸ್ವರಮೇಳ ನಮ್ಮದಲ್ಲ ಎಂಬ ತಕರಾರು ನನ್ನದಲ್ಲ. 1970ರ ದಶಕದ ಆರಂಭದಲ್ಲಿ ಮದ್ರಾಸ್ ಯೂತ್ ಕಾಯರ್ ಕಟ್ಟಿದ ಎಂ.ಬಿ. ಶ್ರೀನಿವಾಸನ್ ಭಾರತೀಯ ಭಾಷೆಗಳ ಹಾಡಿಗೆ ಬಹುದನಿಯ ಹೆಣಿಗೆ ಹೇಗೆ ಒಪ್ಪುತ್ತದೆ ಎಂದು ತೋರಿಸಿದ್ದಾರೆ. ಅವರು ಅದಕ್ಕಾಗಿಯೇ ಹಾಡು ಕಟ್ಟಿದರು, ವರ್ಷಗಟ್ಟಲೆ ದನಿ ಪಳಗಿಸಿದರು. ಯುವಜನೋತ್ಸವಕ್ಕೆ ವಾರದ ಮುಂಚೆ ಕಲಿತ ತೇಪೆ ಅದಲ್ಲ.

ಜಮಖಂಡಿಯ ಬಿ.ಎಲ್.ಡಿ.ಇ. ಕಾಲೇಜು, ಮುಧೋಳದ ಎಸ್.ಆರ್. ಕಂಠಿ ಕಾಲೇಜು, ಬನಹಟ್ಟಿಯ ತಮ್ಮಣ್ಣಪ್ಪ ಚಿಕ್ಕೋಡಿ ಕಾಲೇಜುಗಳ ತರಗತಿಗಳಲ್ಲಿ ಕೂಡುವ ಹುಡುಗ–ಹುಡುಗಿಯರು ಬರುವುದು ಭಜನೆ, ಸೋಬಾನೆ ಇನ್ನೂ ಉಳಿದಿರುವ ಊರುಗಳಿಂದಲೇ. ಮಗ್ಗದ ಊರಾದ ರಬಕವಿ–ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಸಪ್ಪಳದ ನಡುವೆ ಹಗಲು ಹಾಡಿಗೆ ಜಾಗವಿಲ್ಲ, ಕಾಡಸಿದ್ಧೇಶ್ವರ ಜಾತ್ರೆಯಂಥ ಸಂದರ್ಭ ಬಂದಾಗಲೇ ಮೇಳಗಳಿಗೆ ಕಳೆ. ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಆಮೇಲೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಈ ಸೀಮೆಗೆ 2023ರಲ್ಲಿ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ಪಾರಿಜಾತವನ್ನೂ ಒಳಗೊಂಡ ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲೇ ಇದೆ. ಗೋಂಧಳಿ ಹಾಡುಗಾರಿಕೆಯ ವೆಂಕಪ್ಪ ಅಂಬಾಜಿ ಸುಗತೇಕರರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಜಿಲ್ಲೆಗೆ. ಸಂಬಳ, ಚೌಡಿಕೆಯೊಡನೆ ರಾತ್ರಿಯಿಡೀ ಕಥೆ ಹಾಡುವ ಗೋಂಧಳಿಯೂ ಹಿಮ್ಮೇಳವಿಲ್ಲದೆ ನಡೆಯುವ ಕಲೆಯಲ್ಲ. ಪ್ರಶಸ್ತಿಯ ಸುದ್ದಿಯಲ್ಲಿ ಮಾತ್ರ ಹಿಂದೆ ನಿಂತವರ ಪ್ರಸ್ತಾಪ ಬರುವುದಿಲ್ಲ, ಬಂದ ರೂಢಿಯೂ ಇಲ್ಲ.

ಆದ್ದರಿಂದ ಜಮಖಂಡಿಯ ವಿಶ್ವವಿದ್ಯಾಲಯಕ್ಕೊಂದು ಗಾಯಕವೃಂದ ಬೇಕೆಂದರೆ ಅದನ್ನು ಕೇಂಬ್ರಿಜ್ಜಿನಿಂದಲೋ ಶಿಲ್ಲಾಂಗಿನಿಂದಲೋ ತರಬೇಕಿಲ್ಲ. ಪಾರಿಜಾತದ ಹಿರಿಯ ಭಾಗವತರನ್ನು, ಭಜನಾ ಮೇಳದ ಮುಂದಾಳುಗಳನ್ನು ಗೌರವಧನ ಕೊಟ್ಟು ಗುರುಗಳಾಗಿ ಕೂಡಿಸಬೇಕು. ಧ್ವನಿಮುದ್ರಣ ಮಾಡುವಾಗ ಮುಂದಾಳಿನ ಮುಂದೆ ಮಾತ್ರ ಮೈಕು ಇಡುವ ಚಾಳಿ ಬಿಟ್ಟು ಹಿಮ್ಮೇಳಕ್ಕೂ ಬೇರೆ ಮೈಕು ಇಡಬೇಕು. ರಾಷ್ಟ್ರಮಟ್ಟದ ನಿಯಮ ಬದಲಿಸುವುದು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ. ತನ್ನ ಅಂತರ ಕಾಲೇಜು ಸ್ಪರ್ಧೆಯ ನಿಯಮ ಅದರ ಕೈಯಲ್ಲೇ ಇದೆ. ಅಲ್ಲಿ ಮೇಳಕ್ಕೆ ಹನ್ನೆರಡು ಜನರನ್ನೂ ಪೂರ್ತಿ ಒಂದು ತಾಸನ್ನೂ ಕೊಡಲಿ, ಹಿಮ್ಮೇಳಕ್ಕೆ ಪ್ರತ್ಯೇಕ ಅಂಕ ಇಡಲಿ.