ಹಗ್ಗದ ಸೀಲು, ತಾಮ್ರದ ನಳಿಗಿ: ಹಳೆ ಮ್ಯಾಸಿಯ ಚರಿತ್ರೆ

ಕಬ್ಬಿನ ಹಂಗಾಮು ಹತ್ರ ಬಂತು. ನಮ್ಮ ಅಳ್ನಾವರ ಕಡೆ ಹಳೆ ಮ್ಯಾಸಿ ಇಟ್ಕೊಂಡವರು ಕೇಳೋದು ಒಂದೇ ಮಾತು: "ಕ್ಲಚ್ ಹೌಸಿಂಗ್ ಕೆಳಗ ಎಣ್ಣಿ ಸೋರತೈತಿ, ಆಯಿಲ್ ಗೇಜಿನ ಮುಳ್ಳು ಏಳವಲ್ದು. ರಿಪೇರಿ ಮಾಡಸೂಣೋ, ಮಾರೂಣೋ?" ಉತ್ತರ ಆ ಎಂಜಿನ್ನಿನ ಚರಿತ್ರೆಯೊಳಗೇ ಐತ್ರಿ.

ಹ್ಯಾರಿ ಫರ್ಗ್ಯುಸನ್ ಐರ್ಲೆಂಡಿನ ರೈತನ ಮಗ. ಇವತ್ತು ನಾವು ನೇಗಿಲು, ಕಲ್ಟಿವೇಟರ್ ಸಿಗಿಸೋ ಮೂರು ಕೊಂಡಿಯ ಲಿಂಕೇಜ್ ಅವನ ಹೆಸರಿನದೇ. 1953ರಲ್ಲಿ ಅವನ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಕೂಡಿತು. 1959ರಲ್ಲಿ ಆ ಕಂಪನಿ ಇಂಗ್ಲೆಂಡಿನ ಪೀಟರ್‌ಬರೋದ ಪರ್ಕಿನ್ಸ್ ಡೀಸೆಲ್ ಎಂಜಿನ್ ಕಾರ್ಖಾನೆ ಕೊಂಡಿತು. ಮ್ಯಾಸಿ 35ಕ್ಕೆ ಬಂದ ಪರ್ಕಿನ್ಸ್ ಎಂಜಿನ್ ಹೆಸರು 3.152, ಅಂದ್ರ ಮೂರು ಸಿಲಿಂಡರ್, 152 ಘನ ಇಂಚು. 1960ರಲ್ಲಿ ಮದರಾಸಿನಲ್ಲಿ ಟಾಫೆ ಶುರುವಾಯ್ತು. ಅದೇ ಗುಂಪಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ವಿನ್ಯಾಸದ ಎಂಜಿನ್ ಇಲ್ಲೇ ಮಾಡ್ತು. ಒಂದೇ ವಂಶದ ಎಂಜಿನ್ ದಶಕಗಟ್ಟಲೆ ನಡೆದದ್ದಕ್ಕ ಇವತ್ತಿಗೂ ಹುಬ್ಬಳ್ಳಿ, ಧಾರವಾಡದಾಗ ಸಾಮಾನು ಸಿಗತಾವ.

ಈ 3.152ರ ಹಿಂದಿನ ಸೀಲು ರಬ್ಬರಿನದಲ್ಲ, ಹಗ್ಗದ್ದು. ಉಗಿಯಂತ್ರದ ಕಾಲದಾಗ ಎಣ್ಣಿ ಹಚ್ಚಿದ ನಾರು ತುರುಕಿ ಉಗಿ ತಡೀತಿದ್ರು. ಅದೇ ಉಪಾಯ ಇದು. ಕ್ರ್ಯಾಂಕಿನ ಮೈಮೇಲೆ ಸಣ್ಣ ಸುರುಳಿ ಗೆರಿ ಇರ್ತಾವ, ಅವು ಎಣ್ಣಿಯನ್ನ ಒಳಗ ತಿರುಗಿಸಿ ಕಳಸ್ತಾವ, ಉಳಿದದ್ದನ್ನ ಹಗ್ಗ ತಡೀತೈತಿ. ಎಮರಿ ಹಚ್ಚಿ ಆ ಗೆರಿ ಸವೆಸಿದ್ರ ಸೀಲು ಹೊಸದಿದ್ರೂ ಸೋರೋದು ನಿಲ್ಲಂಗಿಲ್ಲ. ಹಗ್ಗ ಕೂಡಿಸುವಾಗ ಎರಡೂ ತುದಿ ಹೌಸಿಂಗ್ ಅಂಚಿಗಿಂತ 0.25ರಿಂದ 0.50 ಮಿಲಿಮೀಟರ್ ಮ್ಯಾಲೆ ಇರಬೇಕು, ದುಂಡನೆ ರಾಡಿನಿಂದ ಉರುಳಿಸಿ ಒತ್ತಬೇಕು. ಹಳೆ ಹಗ್ಗದಾಗ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನ ಕೆರೆದು ಊದಬ್ಯಾಡ್ರಿ.

ಗೇಜೂ ಉಗಿಯ ಕಾಲದ್ದೇ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೌರ್ಡನ್ ಅದಕ್ಕ ಪೇಟೆಂಟ್ ಪಡೆದ. ಬಾಗಿಸಿದ ಚಪ್ಪಟೆ ನಳಿಗಿ ಒಳಗ ಒತ್ತಡ ಹೆಚ್ಚಾದ್ರ ಸ್ವಲ್ಪ ನೆಟ್ಟಗಾಗ್ತೈತಿ, ಅದರಿಂದ ಮುಳ್ಳು ತಿರುಗ್ತೈತಿ. ಅಳ್ನಾವರ ಜಂಕ್ಷನ್ನಿಗೆ ಬರ್ತಿದ್ದ ಉಗಿಬಂಡಿಯ ಬಾಯ್ಲರಿನ ಮ್ಯಾಲೂ ಇದೇ ಗೇಜ್. ಟ್ರ್ಯಾಕ್ಟರಿನಾಗ ಸಣ್ಣ ತಾಮ್ರದ ನಳಿಗಿ ಎಂಜಿನ್ ಎಣ್ಣಿಯನ್ನೇ ಗೇಜಿನ ತನಕ ಒಯ್ತೈತಿ. ಬ್ಯಾಟರಿ, ವೈರಿನ ಹಂಗಿಲ್ಲ. ಶಾಖದ ಗೇಜಿನ ನಳಿಗಿ ಬ್ಯಾರೆ: ಅದು ಮುಚ್ಚಿದ್ದು, ಮುರಿದ್ರ ಬೆಸುಗಿ ನಡೆಯಂಗಿಲ್ಲ, ಇಡೀ ಸೆಟ್ ಬದಲಾಗಬೇಕು.

ಈಗ ಸೀಲಿಗೂ ಗೇಜಿಗೂ ಇರೋ ನಂಟು ನೋಡ್ರಿ. ಸೀಲು ಹಾಕಬೇಕಂದ್ರ ಟ್ರ್ಯಾಕ್ಟರ್ ನಡುವ ಬಿಚ್ಚಿ ಎರಡು ಭಾಗ ಮಾಡಬೇಕು, ಕ್ಲಚ್, ಫ್ಲೈವೀಲ್ ಇಳಿಸಬೇಕು. ಕೂಲಿ ಎಲ್ಲಾ ಅಲ್ಲೇ ಹೋಗ್ತೈತಿ. ಆದ್ರ ಬೇರಿಂಗ್ ಸವೆದು ಕ್ರ್ಯಾಂಕ್ ಅಲುಗಾಡ್ತಿದ್ರ ಯಾವ ಹಗ್ಗವೂ ತಡೆಯಂಗಿಲ್ಲ. ಬೇರಿಂಗಿನ ಸುದ್ದಿ ಹೊರಗಿಂದ ಹೇಳಾವ ಗೇಜ್ ಒಬ್ಬನೇ. ಅದಕ್ಕ ಮೊದಲು ಗೇಜ್, ಆಮೇಲೆ ಸೀಲು.

ನೂರಾರು ರೂಪಾಯಿಯ ಒಳ್ಳೆ ಗೇಜ್ ಹಾಕ್ರಿ. ಎಂಜಿನ್ ಕಾಯ್ದ ಮ್ಯಾಲೆ, ಪೂರ್ತಿ ವೇಗದಾಗ 30ರಿಂದ 60 ಪೌಂಡ್ ತೋರಿಸಬೇಕು. ತೋರಿಸಿದ್ರ ಬ್ರೀದರ್ ಕಟ್ಟೈತೇನು ನೋಡ್ರಿ. ಅದು ಕಟ್ಟಿದ್ರ ಒಳಗಿನ ಗಾಳಿಯೇ ಎಣ್ಣಿಯನ್ನ ಹೊರಗ ನೂಕತೈತಿ. ಆಮೇಲೆ ಸೋರೋ ಎಣ್ಣಿ ಬೆರಳಿಗೆ ಹಚ್ಚಿ ನೋಡ್ರಿ. ಕರ್ರಗ, ತೆಳ್ಳಗಿದ್ರ ಎಂಜಿನ್ ಸೀಲು. ದಪ್ಪಗಿದ್ರ ಗೇರ್‌ಬಾಕ್ಸಿನ ಸೀಲು. ಒತ್ತಡ ಇದ್ರ ಧೈರ್ಯದಿಂದ ರಿಪೇರಿ ಮಾಡಸ್ರಿ. 30ರ ಕೆಳಗ ಬಿದ್ರ ಬೇರಿಂಗ್, ಪಂಪ್ ನೋಡದ ಸೀಲಿಗೆ ರೊಕ್ಕ ಸುರೀಬ್ಯಾಡ್ರಿ. ಮುಳ್ಳು ಸತ್ತ ಗೇಜ್ ಇಟ್ಕೊಂಡು ಕಬ್ಬಿನ ಟ್ರೇಲರ್ ಮಾತ್ರ ಎಳೀಬ್ಯಾಡ್ರಿ.