ಅರೆಕ್ಷಣದ ಸದ್ದು, ವಕೀಲರ ತಲೆನೋವು

ಗಣಕಯಂತ್ರದಲ್ಲಿ ಏನಾದರೂ ತಪ್ಪು ಮಾಡಿದರೆ ಅದು ಸಣ್ಣ ಸದ್ದು ಮಾಡಿ ನಿಮ್ಮನ್ನು ಎಚ್ಚರಿಸುತ್ತದೆ. ಆ ಸದ್ದು ಹಿಡಿಸದಿದ್ದರೆ ಬೇರೊಂದನ್ನು ಆರಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಆದರೆ ಇಂಥ ಅರೆಕ್ಷಣದ ಸದ್ದಿಗೆ ಏನು ಹೆಸರಿಡಬಹುದು, ಏನು ಇಡಬಾರದು ಎಂದು ವಕೀಲರು ಕುಳಿತು ಪರಿಶೀಲಿಸಿದ ಕಾಲವೂ ಒಂದಿತ್ತು.

ಗಣಕಕ್ಕೆ ದನಿ ಬಂದದ್ದು ಗಂಟೆಯಿಂದ. 1963ರಲ್ಲಿ ರೂಪುಗೊಂಡ ಆಸ್ಕಿ ಸಂಕೇತಗಳ ಪಟ್ಟಿಯಲ್ಲಿ 7ನೆಯದು ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ, ಅದು ಗಂಟೆ. ಈ ಸಂಕೇತ ತಲುಪಿದೊಡನೆ ದೂರದ ಟೆಲಿಪ್ರಿಂಟರಿನ ಒಳಗಿದ್ದ ನಿಜವಾದ ಗಂಟೆ ಬಾರಿಸಿ ನೌಕರನನ್ನು ಕರೆಯುತ್ತಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಗಂಟೆಯ ಜಾಗಕ್ಕೆ ಪುಟ್ಟ ಸ್ಪೀಕರ್ ಬಂತು. ಕಾಲ ಎಣಿಸುವ ಚಿಪ್ಪೊಂದು ಅದಕ್ಕೆ ವಿದ್ಯುತ್ತನ್ನು ಕೊಡುತ್ತಾ ತಡೆಯುತ್ತಾ ಹೋದರೆ 'ಬೀಪ್' ಎಂಬ ಸದ್ದು ಹುಟ್ಟುತ್ತಿತ್ತು. ಯಂತ್ರ ಶುರುವಾದಾಗ ಒಂದು ಚಿಕ್ಕ ಬೀಪ್ ಕೇಳಿದರೆ ಎಲ್ಲ ಸರಿಯಾಗಿದೆ ಎಂದರ್ಥ. ಸಾಮಾನ್ಯ ಬಳಕೆದಾರನಿಗೆ ಅದನ್ನು ಬದಲಿಸುವ ದಾರಿ ಇರಲಿಲ್ಲ.

1984ರ ಮ್ಯಾಕಿಂಟಾಷ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿತ್ತು. ಅದು ದಾಖಲಾದ ಸದ್ದನ್ನೇ ನುಡಿಸಬಲ್ಲದಾಗಿತ್ತು. ಸದ್ದಿನ ಅಲೆಯನ್ನು ಸೆಕೆಂಡಿಗೆ ಸುಮಾರು 22,000 ಬಾರಿ ಅಳೆದು, ಒಂದೊಂದು ಅಳತೆಯನ್ನೂ ಒಂದು ಬೈಟ್‌ನಲ್ಲಿ ಬರೆದಿಡುವುದು ಇದರ ಕ್ರಮ. ನೀವೇ ಲೆಕ್ಕ ಹಾಕಿ ನೋಡಿ: 800 ಕಿಲೋಬೈಟ್‌ನ ಒಂದು ಫ್ಲಾಪಿಯಲ್ಲಿ 37 ಸೆಕೆಂಡಿನ ಸದ್ದು ಹಿಡಿಸಿದರೆ ಹೆಚ್ಚು. ಹಳೆಯ ಗಣಕಗಳ ಸದ್ದುಗಳೆಲ್ಲ ಸೀನಿದಷ್ಟು ಚುಟುಕಾಗಿದ್ದುದು ಅಂದಚೆಂದಕ್ಕಾಗಿ ಅಲ್ಲ, ಜಾಗದ ಬಡತನಕ್ಕಾಗಿ. ಆ ದಶಕ ಮುಗಿಯುವ ಹೊತ್ತಿಗೆ ಮ್ಯಾಕಿಂಟಾಷ್‌ನ 'ಕಂಟ್ರೋಲ್ ಪ್ಯಾನೆಲ್'ನಲ್ಲಿ ಕೋತಿಯ ಕೂಗು, ಲೋಹದ ಠಣಠಣ ಮುಂತಾದ ಸದ್ದುಗಳಲ್ಲಿ ಬೇಕಾದದ್ದನ್ನು ಆರಿಸಬಹುದಾಗಿತ್ತು. 1990ರ ಮ್ಯಾಕಿಂಟಾಷ್ ಎಲ್‌ಸಿ ಮಾದರಿಯ ಜೊತೆಗೆ ಮೈಕ್ ಕೂಡ ಬಂದಿತು. ತಪ್ಪು ಮಾಡಿದಾಗ ಗಣಕ ನಿಮ್ಮದೇ ದನಿಯಲ್ಲಿ 'ಅಯ್ಯೋ' ಎನ್ನುವಂತೆ ಮಾಡುವುದು ಆಗ ಸಾಧ್ಯವಾಯಿತು.

ಕಥೆ ಬಿಗಿಯಾಗುವುದು ಇಲ್ಲಿ. ಬೀಟಲ್ಸ್ ವಾದ್ಯವೃಂದದವರು 1968ರಲ್ಲಿ ಸ್ಥಾಪಿಸಿದ ಕಂಪನಿಯ ಹೆಸರು ಆ್ಯಪಲ್ ಕೋರ್. ಆ್ಯಪಲ್ ಕಂಪ್ಯೂಟರ್ ಎಂಬ ಹೆಸರಿನ ವಿರುದ್ಧ ಅದು 1978ರಲ್ಲಿ ದಾವೆ ಹೂಡಿತು. 1981ರಲ್ಲಿ ರಾಜಿಯಾಯಿತು: ಗಣಕದವರು ಹೆಸರನ್ನು ಇಟ್ಟುಕೊಳ್ಳಬಹುದು, ಆದರೆ ಸಂಗೀತದ ವ್ಯಾಪಾರಕ್ಕೆ ಕೈ ಹಾಕಬಾರದು. ಮುಂದೆ ಗಣಕವೇ ವಾದ್ಯಗಳೊಡನೆ ಕೂಡಿ ನುಡಿಯತೊಡಗಿದಾಗ, 1989ರಲ್ಲಿ, ಮತ್ತೆ ಮೊಕದ್ದಮೆ. ಸದ್ದು ಎಲ್ಲಿ ಮುಗಿಯುತ್ತದೆ, ಸಂಗೀತ ಎಲ್ಲಿ ಶುರುವಾಗುತ್ತದೆ? ಸಂಗೀತಗಾರರೇ ಸುಲಭವಾಗಿ ಉತ್ತರಿಸಲಾರದ ಪ್ರಶ್ನೆ ಇದು. ಅದನ್ನು ಕರಾರುಪತ್ರದ ಒಂದು ವಾಕ್ಯ ಬಗೆಹರಿಸೀತು ಎಂದು ನಂಬಿದ್ದೇ, ನನಗೆ ತೋರುವಂತೆ, ಎರಡೂ ಕಡೆಯವರ ಭೋಳೆತನ.

1991ರಲ್ಲಿ ಬಿಡುಗಡೆಯಾದ 'ಸಿಸ್ಟಂ 7' ತಂತ್ರಾಂಶಕ್ಕೆ ಜಿಮ್ ರೀಕ್ಸ್ ಎಂಬ ತಂತ್ರಜ್ಞರು ಹೊಸ ಸದ್ದುಗಳನ್ನು ಸಿದ್ಧಪಡಿಸಿದ್ದರು. ಅವುಗಳಲ್ಲಿ ಒಂದು, ಕಾಷ್ಠತರಂಗವನ್ನು ಒಮ್ಮೆ ತಟ್ಟಿದಂಥದ್ದು. ಅದಕ್ಕೆ 'ಚೈಮ್ಸ್' ಎಂಬ ಹೆಸರು ಬೇಡ, ಸಂಗೀತದ ವಾಸನೆ ಬರುತ್ತದೆ ಎಂದರು ಕಂಪನಿಯ ವಕೀಲರು. ರೀಕ್ಸ್ ತಾವೇ ಹೇಳಿಕೊಂಡಿರುವಂತೆ, ಬೀಟಲ್ಸ್‌ರ ಪ್ರಸಿದ್ಧ ಹಾಡಿನ ಹೆಸರನ್ನು ತಿರುಚಿ 'ಲೆಟ್ ಇಟ್ ಬೀಪ್' ಎಂದಿಡೋಣ ಎಂದು ಅವರು ತಮಾಷೆ ಮಾಡಿದರು. ಕೊನೆಗೆ 'ಸೊಸುಮಿ' ಎಂಬ ಹೆಸರು ಸೂಚಿಸಿ, ಇದು ಜಪಾನೀ ಪದ, ಇದಕ್ಕೂ ಸಂಗೀತಕ್ಕೂ ಸಂಬಂಧವಿಲ್ಲ ಎಂದು ವಕೀಲರಿಗೆ ಹೇಳಿ ಕಳುಹಿಸಿದರು. ಹೆಸರು ಒಪ್ಪಿಗೆಯಾಯಿತು! ಅದನ್ನು ಇಂಗ್ಲಿಷಿನಂತೆ ಬಿಡಿಸಿ ಓದಿ: 'ಸೋ ಸ್ಯೂ ಮಿ'. ಅಂದರೆ, ಬೇಕಾದರೆ ನನ್ನ ಮೇಲೆ ದಾವೆ ಹೂಡಿಕೊಳ್ಳಿ.

ಆ ಮೊಕದ್ದಮೆ ಮುಗಿಯುವಾಗ, ಅದೇ 1991ರಲ್ಲಿ, ಆ್ಯಪಲ್ ಕಂಪ್ಯೂಟರ್ ಸುಮಾರು 2.65 ಕೋಟಿ ಡಾಲರ್ ತೆರಬೇಕಾಯಿತು. ಹೆಸರಿನ ಜಗಳ ಪೂರ್ತಿ ತಣ್ಣಗಾದದ್ದು 2007ರ ಒಪ್ಪಂದದಿಂದ.

ಇತ್ತ ಮೈಕ್ರೋಸಾಫ್ಟ್‌ಗೆ ಇಂಥ ಭಯವಿರಲಿಲ್ಲ. 1992ರ ವಿಂಡೋಸ್ 3.1ರಲ್ಲಿ ಒಂದು ಸದ್ದಿನ ಫೈಲಿಗೆ 'ಚೈಮ್ಸ್' ಎಂದೂ, ಇನ್ನೊಂದಕ್ಕೆ ಸ್ವರಮೇಳವೆಂಬ ಅರ್ಥದ 'ಕಾರ್ಡ್' ಎಂದೂ ಧಾರಾಳವಾಗಿ ಹೆಸರಿಟ್ಟರು. ಶುರುವಾಗುವಾಗ ಒಂದು, ಮುಗಿಯುವಾಗ ಒಂದು, ತಪ್ಪಾದಾಗ ಮತ್ತೊಂದು ಎಂದು ಸಂದರ್ಭಕ್ಕೆ ತಕ್ಕ ಸದ್ದನ್ನು ಬಳಕೆದಾರರೇ ಗೊತ್ತುಮಾಡಬಹುದಿತ್ತು. ವಿಂಡೋಸ್ 95ರ ಆರಂಭದ ಸದ್ದನ್ನು ಬ್ರಿಟಿಷ್ ಸಂಗೀತಗಾರ ಬ್ರಯನ್ ಈನೋ ರಚಿಸಿದರು. ಅದಕ್ಕಾಗಿ 84 ಚಿಕ್ಕ ತುಣುಕುಗಳನ್ನು ಮಾಡಿದೆ ಎಂದು ಅವರು ಹೇಳಿದ್ದುಂಟು. ಸ್ವಾರಸ್ಯವೆಂದರೆ, ಆ ಕೆಲಸಕ್ಕೆ ಅವರು ಬಳಸಿದ್ದು ಮ್ಯಾಕಿಂಟಾಷ್ ಗಣಕವನ್ನು. 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಕೆಲವೇ ಸೆಕೆಂಡುಗಳ ನಾದವನ್ನು, ಮುಂದಿನ ತಲೆಮಾರಿಗಾಗಿ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. 1995ರಲ್ಲಾದರೋ, ಅದು ಬೇಡವೆನಿಸಿದವರು ಅದನ್ನು ತೆಗೆದು ತಮ್ಮ ಮನೆಯ ನಾಯಿಯ ಬೊಗಳುವ ಸದ್ದನ್ನು ಅಲ್ಲಿ ಹಾಕಿಕೊಳ್ಳಬಹುದಾಗಿತ್ತು.